ನವನಗರದ ಹಿತ್ತಲಿನಲ್ಲಿ ಒಂದು ಆಡಿನ ತೊಗಲು

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವಳು. ನೇಗಿಲು, ಮಗ್ಗ, ಕುಂಬಾರನ ತಿಗರಿ, ಯಾವುದರ ಬಗ್ಗೆ ಕೇಳಿದರೂ ಮುಕ್ಕಾಲು ಗಂಟೆ ಮಾತಾಡುತ್ತೇನೆ, ಒಂದನ್ನೂ ಮುಟ್ಟಿದವಳಲ್ಲ. ನಿವೃತ್ತಿಯಾದ ಮೇಲೆ ಬಾಗಲಕೋಟೆಯ ನವನಗರದಲ್ಲಿ ಶ್ರಾವಣದ ಉಪನ್ಯಾಸಗಳಿಗೆ ನನ್ನನ್ನು ಕರೆಯತೊಡಗಿದರು. ಒಂದು ವರ್ಷ ಕೊಟ್ಟ ವಿಷಯ ಶರಣರ ಕಾಯಕ. ಮಂಗಲ ಕಾರ್ಯಾಲಯದಲ್ಲಿ ನೂರು ಜನ ಕೂತಿದ್ದರು. ತೊಗಲು ಹದ ಮಾಡುವ ಕಾಯಕದ ಮಾತು ಬಂದಾಗ ನನಗೆ ಹುರುಪು ಬಂತು. ಹಸಿ ತೊಗಲನ್ನು ಒಂದು ದಿನ ಸುಣ್ಣದ ನೀರಿನಲ್ಲಿ ಅದ್ದಿಡುತ್ತಾರೆ, ಮರುದಿನ ಸುಡುಬಿಸಿಲಿಗೆ ಹರವುತ್ತಾರೆ, ಆ ಬಿಸಿಲಿನಲ್ಲಿ ತೊಗಲಿನ ಜೊತೆ ಮನುಷ್ಯನೂ ಹದವಾಗುತ್ತಾನೆ ಎಂದೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು.

ಮುಗಿದ ಮೇಲೆ ಪ್ರಸಾದಕ್ಕೆ ಶಿರಾ ಹಂಚುತ್ತಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು ಇದ್ದ ಹಿರಿಯರೊಬ್ಬರು ಶಿರಾ ತುಂಬಿದ ಎಲೆಯ ದ್ರೋಣ ಹಿಡಿದುಕೊಂಡು ನನ್ನ ಹತ್ತಿರ ಬಂದರು.

“ಅಕ್ಕಾರ, ಮಾತು ಭಾಳ ಛಲೋ ಇತ್ತು. ಆದ್ರ ಸುಣ್ಣದಾಗ ಒಂದು ದಿನ ಅಲ್ರಿ, ಎಂಟು ದಿನ. ಮತ್ತ ಬಿಸಲಿಗೆ ಒಣಗಸೂದಿಲ್ರಿ. ನೆರಳಾಗ.”

ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಕಾಗುಣಿತ ತಿದ್ದಿದಂತಿತ್ತು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ನೌಕರಿ ಮಾಡಿದವರಂತೆ. ಅದಕ್ಕೂ ಮುಂಚೆ, ಇಪ್ಪತ್ತರ ವಯಸ್ಸಿನವರೆಗೆ, ಹಳೇ ಊರಿನ ತುದಿಯ ಓಣಿಯಲ್ಲಿ ತಂದೆಯ ಜೊತೆ ತೊಗಲು ಹದ ಮಾಡಿದ್ದರಂತೆ. ಆ ಓಣಿ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ, ಅಲ್ಲಿಗೆ ಹೋಗಬಾರದು ಎಂದು ಗೊತ್ತಿತ್ತು. ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಾದರೂ ಒಮ್ಮೆಯೂ ಅತ್ತ ಕಾಲಿಟ್ಟಿರಲಿಲ್ಲ. ಆಮೇಲೆ ಆಲಮಟ್ಟಿಯ ಹಿನ್ನೀರು ಬಂತು. ನಮ್ಮ ಅಟ್ಟದ ಮನೆಯೂ ಅವರ ಸುಣ್ಣದ ಕುಣಿಗಳೂ ಒಟ್ಟಿಗೇ ಮುಳುಗಿದವು. ನವನಗರದಲ್ಲಿ ಸರಕಾರ ಓಣಿ ನೋಡಿ ಜಾಗ ಕೊಡಲಿಲ್ಲ, ಅಳತೆ ನೋಡಿ ಕೊಟ್ಟಿತು. ಈಗ ಅವರ ಮಗನ ಮನೆ ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ.

ತಪ್ಪು ಹೇಳಿ ಸಿಕ್ಕಿಬಿದ್ದ ನಾಚಿಕೆಯಲ್ಲಿ, “ಹಂಗಾದ್ರ ನಮಗೂ ಕಲಸ್ರಿ ಹಿರಿಯಾರ” ಎಂದೆ. ಸಮಾರಂಭ ಮುಗಿದ ಮೇಲೆ ಎಲ್ಲರೂ ಎಲ್ಲರನ್ನೂ ಮನೆಗೆ ಕರೆಯುತ್ತಾರಲ್ಲ, ಅಂಥದೇ ಮಾತು. ಅವರು ದ್ರೋಣವನ್ನು ಪಕ್ಕಕ್ಕಿಟ್ಟರು. ಮನೆಗೆ ಹಿತ್ತಲು ಇದೆಯೇ, ಸುತ್ತ ಗೋಡೆ ಇದೆಯೇ, ನೀರು ಹೇಗೆ ಎಂದು ವಿಚಾರಿಸಿದರು. ಇದೆ, ಇದೆ, ಎರಡು ನೀಲಿ ಬ್ಯಾರಲ್ ಇವೆ ಎಂದೆ.

“ಶ್ರಾವಣ ಮುಗೀಲಿ. ಈಗ ಛಲೋ ತೊಗಲ ಸಿಗೂದಿಲ್ಲ,” ಎಂದು ಹೇಳಿ ಹೋದರು.

ಶ್ರಾವಣ ಮುಗಿದ ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ಅವರು ನಮ್ಮ ಗೇಟಿನಲ್ಲಿದ್ದರು. ಕೈಯಲ್ಲಿ ಒಂದು ಚೀಟಿ: ಸುಣ್ಣ, ಉಪ್ಪು, ಜೋಳದ ಹಿಟ್ಟು, ತಂಗಡಿ ಗಿಡದ ತೊಗಟೆ, ಔಡಲೆಣ್ಣೆ. ನಮ್ಮವರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದ ಅವರಿಗೆ ಕಾಲುವೆ ಬಿಟ್ಟು ಬೇರೆ ಲೋಕವಿಲ್ಲ. ನಮ್ಮದು ಮಾಂಸವಿರಲಿ, ತತ್ತಿಯ ಹೆಸರೂ ಎತ್ತದ ಮನೆ. ವಿಷಯ ಕೇಳಿ ಪೇಪರ್ ಮಡಚಿ, ಸಾಧ್ಯವೇ ಇಲ್ಲ ಎಂದರು. ಹಿರಿಯರು ವಾದ ಮಾಡಲಿಲ್ಲ. ಹಿತ್ತಲನ್ನೊಮ್ಮೆ ನೋಡಿ ಬಂದು, ಗಟಾರಿಗೆ ಇಳುಕಲು ಬಹಳ ಚೆನ್ನಾಗಿ ಕೊಟ್ಟಿದ್ದೀರಿ, ಯಾರ ಕೈಕೆಲಸ ಎಂದು ಕೇಳಿದರು. ಈ ಮನೆ ಕಟ್ಟಿಸಿದಂದಿನಿಂದ, ನಮ್ಮವರೇ ನಿಂತು ಅಳೆದು ಕೊಡಿಸಿದ್ದ ಆ ಇಳುಕಲನ್ನು ಗುರುತಿಸಿದವರು ಯಾರೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ನಮ್ಮವರು ಒಂದು ಹೊಸ ನೋಟ್‌ಬುಕ್ ತೆಗೆದು, ಮೊದಲ ಪುಟದಲ್ಲಿ ‘ತೊಗಲು’ ಎಂದು ಬರೆದು ಕೆಳಗೆ ಗೆರೆ ಎಳೆದರು.

ಚಹಾ ಕುಡಿಯುವಾಗ ಹಿರಿಯರು ಇನ್ನೊಂದು ಸಂಗತಿ ಹೇಳಿದರು. ಅವರ ಸೊಸೆ ಹೈಸ್ಕೂಲಿನ ಮುಖ್ಯಾಧ್ಯಾಪಕಿ. ಸೊಸೆಯ ಮುಂದೆ ಈ ಕೆಲಸದ ಸುದ್ದಿ ಎತ್ತುವಂತಿಲ್ಲ. ಸಾಯುವುದರೊಳಗೆ ಒಂದು ತೊಗಲನ್ನಾದರೂ ಕೈಯಾರೆ ಹದ ಮಾಡಬೇಕೆಂದು ಒಂದು ವರ್ಷದಿಂದ ಒಂದು ಹಿತ್ತಲು ಹುಡುಕುತ್ತಿದ್ದರಂತೆ. “ಮನ್ಯಾಗ ಅಕ್ಕಾರ ಕಡೆ ವಚನಾ ಕಲ್ಯಾಕ ಹೊಂಟೇನಿ ಅಂತ ಹೇಳೇನ್ರಿ,” ಎಂದರು. ನನಗೆ ಸ್ವಲ್ಪ ಮುಖ ಚಿಕ್ಕದಾಯಿತು. ನಾನು ದೊಡ್ಡ ಮನಸ್ಸು ಮಾಡಿ ಜಾಗ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ಕಂಪೌಂಡ್ ಗೋಡೆಯ ಎತ್ತರ ನೋಡಿ ನನ್ನನ್ನು ಆರಿಸಿದ್ದರು.

ತೊಗಲು ತರಲು ನಾನೂ ಹಿರಿಯರೂ ಹುನಗುಂದಕ್ಕೆ ಹೋದೆವು. ಬಾಗಲಕೋಟೆಯಲ್ಲಿ ಎಲ್ಲರೂ ಗುರುತಿನವರು, ಮಟನ್ ಅಂಗಡಿಯ ಮುಂದೆ ನಾನು ನಿಲ್ಲುವಂತಿಲ್ಲ ಎಂಬುದು ನಮ್ಮವರ ಷರತ್ತು. ಹುನಗುಂದದ ಅಂಗಡಿಯವ ಐದಾರು ತೊಗಲು ಹಾಸಿ ತೋರಿಸಿದ. ಹಿರಿಯರು ಒಂದೊಂದನ್ನೂ ಬೆಳಕಿಗೆ ಹಿಡಿದು, ಎಲ್ಲಿ ಚಾಕು ತಾಗಿದೆ ಎಂದು ಬೆರಳಿನಿಂದ ಹುಡುಕುತ್ತಿದ್ದರು. ಮದುವೆಗೆ ಸೀರೆ ಆರಿಸುವವರು ಕೂಡ ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ನಾನು ರಸ್ತೆಗೆ ಬೆನ್ನು ಮಾಡಿ ನಿಂತಿದ್ದೆ. ಆಗ ಯಾರೋ ನನ್ನ ಕಾಲು ಮುಟ್ಟಿದರು.

ತಿರುಗಿದರೆ ನನ್ನ ಹಳೆಯ ಶಿಷ್ಯ. ಅಲ್ಲಿಯೇ ಒಂದು ಕಾಲೇಜಿನಲ್ಲಿ ಉಪನ್ಯಾಸಕ, ನಮ್ಮ ಹಾಗೆಯೇ ತತ್ತಿ ಕಾಣದ ಮನೆತನದವನು. ಅವನ ಕೈಯಲ್ಲಿ ಒಂದು ಕರಿ ಪ್ಲಾಸ್ಟಿಕ್ ಚೀಲವಿತ್ತು. ಅದನ್ನು ಬೆನ್ನ ಹಿಂದೆ ಒಯ್ದು, ಗಾಡಿ ಪಂಕ್ಚರ್ ಆಗಿತ್ತು ಮೇಡಂ, ಅದಕ್ಕೇ ಈ ಕಡೆ ಬಂದೆ ಎಂದ. ಹತ್ತಿರದಲ್ಲಿ ಗಾಡಿಯೂ ಇರಲಿಲ್ಲ, ಪಂಕ್ಚರ್ ಅಂಗಡಿಯೂ ಇರಲಿಲ್ಲ. ನಾನು, ಬೀಗರ ಮನೆ ಹುಡುಕುತ್ತಿದ್ದೇನೆ ಎಂದೆ. ಅಷ್ಟರಲ್ಲಿ ಅಂಗಡಿಯವ ನನ್ನ ಕಡೆ ನೋಡಿ, ತಲೆ ಬೇಡವೇ, ಬರೀ ತೊಗಲು ಸಾಕೇ ಎಂದು ಕೂಗಿ ಕೇಳಿದ. ಶಿಷ್ಯ ಅದು ತನ್ನ ಕಿವಿಗೆ ಬೀಳಲೇ ಇಲ್ಲವೆಂಬಂತೆ ಮಳೆಯ ಬಗ್ಗೆ ಮಾತಾಡಿದ. ನಾನೂ ಮಳೆಯ ಬಗ್ಗೆಯೇ ಮಾತಾಡಿದೆ. ಆ ವರ್ಷದ ಹಿಂಗಾರಿನ ಬಗ್ಗೆ ನಾವು ಅಷ್ಟು ವಿವರವಾಗಿ ಚರ್ಚಿಸಿದ್ದನ್ನು ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ.

ಉಪ್ಪು ಸವರಿ ಮಡಚಿದ ತೊಗಲನ್ನು ನಾನು ತಂದಿದ್ದ ಇಳಕಲ್ ಸೀರೆ ಅಂಗಡಿಯ ದೊಡ್ಡ ಕೈಚೀಲದಲ್ಲಿಟ್ಟೆವು. ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಕೂತಳು, ಹಿರಿಯರಿಗೆ ಹಿಂದಿನ ಸೀಟು ಸಿಕ್ಕಿತು. ಚೀಲದ ಮೇಲಿನ ಅಂಗಡಿಯ ಹೆಸರು ಓದಿದ ಆಕೆಯ ಕಣ್ಣು ಅಲ್ಲೇ ನೆಟ್ಟಿತು. ದಡಿಯ ನೇಯ್ಗೆ ಗೋಮಿಯೋ ಚಿಕ್ಕಿ ಪರಾಸೋ ಎಂದು ಕೇಳಿದಳು. ಗೋಮಿ ಎಂದೆ. ಸೆರಗು ಟೋಪತೆನಿಯೇ ಎಂದಳು. ಹೌದು ಎಂದೆ. ಚೀಲದ ಮೇಲಿನಿಂದ ಎರಡು ಬೆರಳು ಒತ್ತಿ ನೋಡಿ, ಬಹಳ ಮೆತ್ತಗಿದೆ, ಅಪ್ಪಟ ರೇಷ್ಮೆಯೇ ಇರಬೇಕು ಎಂದು ಮೆಚ್ಚಿದಳು. ಆಮೇಲೆ ತನ್ನ ಬೆರಳು ನೋಡಿಕೊಂಡಳು. ಒದ್ದೆಯಾಗಿತ್ತು.

“ಸೀರಿ ಯಾಕ್ರಿ ತೊಯ್ದೈತಿ?”

ನಾನು ಚೀಲವನ್ನು ನನ್ನ ಕಡೆಗೆ ಎಳೆದುಕೊಂಡೆ. ಹಿಂದಿನ ಸೀಟಿನಿಂದ ಹಿರಿಯರು ಶಾಂತವಾಗಿ ಹೇಳಿದರು: “ಬಣ್ಣ ಬಿಡತೈತೇನು ಅಂತ ಅಂಗಡ್ಯಾಗ ತೊಯ್ಸಿ ನೋಡೇವ್ರಿ. ಬಿಡೂದಿಲ್ಲ.”

ಆಕೆ ಒಪ್ಪಿಕೊಂಡಳು. ಹಾಗೆ ನೋಡಿಯೇ ತರಬೇಕು, ಈಗಿನ ಅಂಗಡಿಯವರನ್ನು ನಂಬುವಂತಿಲ್ಲ ಎಂದು ಬಾಗಲಕೋಟೆಯವರೆಗೂ ಹೇಳುತ್ತ ಬಂದಳು.

ತೊಗಲನ್ನು ಚೆನ್ನಾಗಿ ತೊಳೆದು ಮೊದಲನೆಯ ಬ್ಯಾರಲ್ಲಿನ ಸುಣ್ಣದ ನೀರಿಗೆ ಇಳಿಸಿದೆವು. ಹಿರಿಯರು ದಿನವೂ ಹತ್ತು ಗಂಟೆಗೆ ಬಂದು ಕೋಲಿನಿಂದ ತಿರುವಿ ಹಾಕುತ್ತಿದ್ದರು. ನಮ್ಮವರು ನೋಟ್‌ಬುಕ್ಕಿನಲ್ಲಿ ವೇಳೆ ಬರೆಯುತ್ತಿದ್ದರು. ನಾಲ್ಕನೆಯ ದಿನ ವಾಸನೆ ಗೋಡೆ ದಾಟಿತು.

ನಮ್ಮ ಸೆಕ್ಟರಿನ ವಾಟ್ಸಾಪ್ ಗುಂಪಿನಲ್ಲಿ ಮೊದಲು ಯಾರೋ ಇಲಿ ಸತ್ತಿದೆ ಎಂದು ಬರೆದರು. ಇನ್ನೊಬ್ಬರು ಇದು ಒಂದು ಇಲಿಯ ವಾಸನೆಯಲ್ಲ ಎಂದರು. ಆ ಗುಂಪಿಗೆ ನಮ್ಮವರೇ ಅಡ್ಮಿನ್. ಏನಾದರೂ ಮಾಡಿ ಸಾರ್ ಎಂದು ಎಲ್ಲರೂ ಅವರನ್ನೇ ಕೇಳಿಕೊಂಡಾಗ, ಅವರು ವಾಸನೆಯ ಮೂಲ ಪತ್ತೆ ಮಾಡಲು ಮೂವರ ಸಮಿತಿ ರಚಿಸಿ ತಾವೇ ಅಧ್ಯಕ್ಷರಾದರು. ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮತ್ತು ಎದುರಿನ ಮನೆಯವರು ಸದಸ್ಯರು. ಮೂವರೂ ಮನೆ ಮನೆ ಹಿತ್ತಲಿಗೆ ಹೋಗಿ ಮೂಸಿ ನೋಡಿ ಬಂದರು. ಅಧ್ಯಕ್ಷರ ಮನೆಯನ್ನು ನೋಡುವುದು ಮರ್ಯಾದೆಯಲ್ಲವೆಂದು ಬಿಟ್ಟರು. ಕೊನೆಗೆ ನಗರಸಭೆಯ ಇಬ್ಬರನ್ನು ಕರೆಸಿ ರಸ್ತೆಯ ಗಟಾರಿನ ಚೇಂಬರ್ ತೆಗೆಸಲಾಯಿತು. ಅದರಲ್ಲಿ ನಾಲ್ಕು ಕ್ರಿಕೆಟ್ ಚೆಂಡು ಮತ್ತು ಮ್ಯಾನೇಜರರ ಹೆಂಡತಿ ಹಿಂದಿನ ವರ್ಷ ಕಳೆದುಕೊಂಡಿದ್ದ ಹಿತ್ತಾಳೆಯ ಸೌಟು ಸಿಕ್ಕವು. ಆ ಸಂತೋಷದಲ್ಲಿ ವಾಸನೆಯ ವಿಷಯ ಎರಡು ದಿನ ಹಿಂದೆ ಬಿತ್ತು. ನಾನು ನಮ್ಮವರನ್ನು, ಇಷ್ಟು ನಿರಾಳವಾಗಿ ಸುಳ್ಳು ಹೇಳಲು ಎಲ್ಲಿ ಕಲಿತಿರಿ ಎಂದು ಕೇಳಿದೆ. ನಾನು ಒಂದೂ ಸುಳ್ಳು ಹೇಳಿಲ್ಲ, ತನಿಖೆ ಮಾಡಿದ್ದೇನೆ ಎಂದರು.

ಎಂಟನೆಯ ದಿನ ಕೂದಲು ಹೆರೆದೆವು. ಹಿಂದೆ ಅದಕ್ಕೆ ಮರದ ದುಂಡನೆ ದಿಮ್ಮಿ ಇರುತ್ತಿತ್ತಂತೆ. ನಮ್ಮಲ್ಲಿ ಮನೆ ಕಟ್ಟಿಸಿದಾಗ ಉಳಿದಿದ್ದ ದಪ್ಪ ಪ್ಲಾಸ್ಟಿಕ್ ಪೈಪಿನ ಮೇಲೆ ತೊಗಲು ಹಾಸಿ, ಮೊಂಡು ಚಾಕುವಿನ ಬೆನ್ನಿನಿಂದ ಹಿರಿಯರು ಒಮ್ಮೆ ಎಳೆದರು. ಹಾಲಿನ ಕೆನೆ ಸರಿದಂತೆ ಕೂದಲು ಸರಿಯಿತು. ನನಗೂ ಚಾಕು ಕೊಟ್ಟರು. ಎರಡು ಸಲ ಚಾಕು ಜಾರಿತು, ಮೂರನೆಯ ಸಲ ಕೈ ಕುದುರಿತು. ಅಂದು ಮಧ್ಯಾಹ್ನ ಅವರ ಮುಖ ನೋಡಬೇಕಿತ್ತು. ಐವತ್ತು ವರ್ಷ ಮುಟ್ಟದ ಕೆಲಸ. ಕೈ ಅದಾಗಿಯೇ ಹೋಗುತ್ತಿತ್ತು, ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು.

ತೊಗಲಿನಲ್ಲಿ ಉಳಿದ ಸುಣ್ಣ ಹೋಗಲು ಎರಡು ದಿನ ಜೋಳದ ಹುಳಿ ಅಂಬಲಿಯಲ್ಲಿ ಇಡಬೇಕಿತ್ತು. ಅಂಬಲಿ ನಾನೇ ಕಾಯಿಸಿದೆ. ಅದಕ್ಕೆ ಸ್ವಲ್ಪ ಜೀರಿಗೆ ಹಾಕಿದ್ದು ಬರೀ ಅಭ್ಯಾಸಬಲ. ಹಿರಿಯರು ಮೂಸಿ ನೋಡಿ ತೊಗಲನ್ನು ಅದರಲ್ಲಿ ಮುಳುಗಿಸಿದರು.

ಆಮೇಲೆ ತೊಗಟೆ. ನಮ್ಮ ಕಾರಿನಲ್ಲಿ ಮೂವರೂ ತುಳಸಿಗೇರಿಯ ದಾರಿಗೆ ಹೋಗಿ, ಕಲ್ಲುಗುಡ್ಡದ ಪಕ್ಕದಲ್ಲಿ ತಂಗಡಿ ಗಿಡದ ಟೊಂಗೆಗಳನ್ನು ಕಡಿದು ಡಿಕ್ಕಿ ತುಂಬಿಸಿಕೊಂಡು ಬಂದೆವು. ಪುಸ್ತಕದಲ್ಲಿ ಆವರಿಕೆ ಎಂದು ಓದಿದ್ದ ಹಳದಿ ಹೂವಿನ ಗಿಡ ಇದೇ ಎಂದು ನನಗೆ ಅಂದು ಗೊತ್ತಾಯಿತು. ತೊಗಟೆ ಸುಲಿದು, ಹಿತ್ತಲಲ್ಲಿ ಒಲೆ ಹೂಡಿ, ದೊಡ್ಡ ಹಂಡೆಯಲ್ಲಿ ಕುದಿಯಲಿಟ್ಟೆವು. ಈ ಸಲ ಬಂದದ್ದು ಬೇರೆಯೇ ವಾಸನೆ, ಔಷಧದ ಅಂಗಡಿಯಂಥದು. ಬ್ಯಾಂಕ್ ಮ್ಯಾನೇಜರ್ ಗೋಡೆಯ ಮೇಲಿಂದ ತಲೆ ಎತ್ತಿ, ಏನು ಕುದಿಸುತ್ತಿದ್ದೀರಿ ಎಂದು ಕೇಳಿದರು. ನಮ್ಮವರು ಆವರಿಕೆ ಕಷಾಯ ಎಂದರು. ಅದು ನಿಜವೇ. ಮ್ಯಾನೇಜರಿಗೆ ಸಕ್ಕರೆ ಕಾಯಿಲೆ. ಆವರಿಕೆ ಸಕ್ಕರೆಗೆ ರಾಮಬಾಣ ಎಂದು ಅವರು ಮೊಬೈಲಿನಲ್ಲಿ ನೋಡಿದ್ದರಂತೆ. ಐದು ನಿಮಿಷದಲ್ಲಿ ಸ್ಟೀಲಿನ ತಂಬಿಗೆ ಹಿಡಿದು ಗೇಟಿಗೆ ಬಂದರು.

ತೊಗಲು ಇನ್ನೂ ಹಂಡೆಯ ಹತ್ತಿರವೂ ಸುಳಿದಿರಲಿಲ್ಲ, ಹಾಗಾಗಿ ಕೊಟ್ಟರೆ ಅಪಾಯವೇನೂ ಇರಲಿಲ್ಲ. ಹಿರಿಯರು ಅರ್ಧ ಲೋಟ ಕೊಟ್ಟು ಅವರ ಮುಖವನ್ನೇ ಎವೆಯಿಕ್ಕದೆ ನೋಡಿದರು. ಮ್ಯಾನೇಜರ್ ಒಂದು ಗುಟುಕು ಕುಡಿದರು. ಒಗರಿಗೆ ಅವರ ಕೆನ್ನೆ ಎರಡೂ ಒಳಗೆ ಹೋದವು, ತುಟಿ ಚೀಲದ ಬಾಯಿ ಕಟ್ಟಿದಂತೆ ಸೇರಿದವು.

“ಒಗರ ಇನ್ನೂ ಕಮ್ಮಿ ಐತಿ. ಇನ್ನೊಂದು ಕುದಿ ಬೇಕು,” ಎಂದರು ಹಿರಿಯರು, ನಮ್ಮವರ ಕಡೆ ತಿರುಗಿ. ನಮ್ಮವರು ಬರೆದುಕೊಂಡರು.

ಮರುದಿನದಿಂದ ಮ್ಯಾನೇಜರ್ ಜೊತೆ ಇನ್ನೂ ನಾಲ್ಕು ಜನ ಬಾಟಲಿ ಹಿಡಿದು ಬರತೊಡಗಿದರು. ತೊಗಲು ಹಂಡೆಗೆ ಇಳಿದ ಮೇಲೆ ಅವರಿಗೆಂದೇ ನಾನು ಅಡಿಗೆಮನೆಯಲ್ಲಿ ಬರೀ ಹೂವಿನ ಕಷಾಯ ಕಾಯಿಸಬೇಕಾಯಿತು. ನಿಮ್ಮ ಔಷಧಗಳು ಇದ್ದೇ ಇರಲಿ, ಇದರ ಮೇಲೆ ಭಾರ ಹಾಕಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ವಾಸನೆಯ ಸಮಿತಿಯ ಇಬ್ಬರು ಸದಸ್ಯರೂ ದಿನಾ ನಮ್ಮ ಗೇಟಿನಲ್ಲಿ ನಿಂತು, ಈ ಓಣಿಯ ಗಾಳಿಯೇ ಸುಧಾರಿಸಿದೆ ಎಂದು ಹೇಳಿ ಹೋಗುತ್ತಿದ್ದರು.

ಹದಿನಾರನೆಯ ದಿನ ಭಾನುವಾರ. ಹಿರಿಯರು ಧೋತರ ಮೇಲೆ ಕಟ್ಟಿ ಹಿತ್ತಲಲ್ಲಿ ಹಂಡೆಯ ನೀರು ಬದಲಿಸುತ್ತಿದ್ದರು. ಮುಂಬಾಗಿಲಲ್ಲಿ ಸ್ಕೂಟಿ ನಿಂತಿತು. ನಲವತ್ತೈದರ ಆಸುಪಾಸಿನ ಹೆಣ್ಣುಮಗಳು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಹಿರಿಯರ ಸೊಸೆ. ಈ ವಯಸ್ಸಿನಲ್ಲಿ ಮಾವನವರಿಗೆ ವಚನ ಕಲಿಸುತ್ತಿದ್ದೀರಿ, ಮನೆಗೆ ಬಂದರೆ ಊಟದ ತಟ್ಟೆಯ ಮುಂದೆ ಕೂಡ ಖುಷಿಯಾಗಿರುತ್ತಾರೆ, ಥ್ಯಾಂಕ್ಸ್ ಹೇಳೋಣವೆಂದು ಬಂದೆ ಎಂದಳು. ನಾನು ಕೂಡಿಸಿ ನೀರು ಕೊಟ್ಟೆ.

“ಎಲ್ಲಿ ಅದಾರ್ರಿ? ಒಂದು ವಚನಾ ಅನಸ್ರಿ, ಕೇಳೇ ಹೋಗ್ತೇನಿ.”

ಸೊಸೆಯ ದನಿ ಕೇಳಿ ಹಿರಿಯರು ತಾವೇ ಒಳಗೆ ಬಂದರು. ಮೊಣಕೈವರೆಗೆ ಎರಡೂ ಕೈ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು, ಬೆರಳುಗಳಿಂದ ತೊಗಟೆಯ ನೀರು ತೊಟ್ಟಿಕ್ಕುತ್ತಿತ್ತು. ಅವರು ವಚನ ಹೇಳುವವರಂತೆ ಕೈ ಮುಗಿದು ನಿಂತರು. ನಮ್ಮವರು ಇದು ಆವರಿಕೆ ಕಷಾಯ, ಸಕ್ಕರೆಗೆ ಒಳ್ಳೆಯದು ಎಂದು ಶುರು ಮಾಡಿದರು. ಆಕೆ ಕೈಯೆತ್ತಿ ನಿಲ್ಲಿಸಿದಳು. ಎದ್ದು ಹಿತ್ತಲಿಗೆ ಹೋಗಿ, ಹಂಡೆಯನ್ನು ನೋಡಿ, ತಿರುಗಿ ಬಂದಳು.

“ಮೇಡಂ, ನಾ ಬರೂಮುಂದ ನಿಮ್ಮ ಗೇಟಿನ್ಯಾಗ ಒಬ್ಬರು ತಂಬಿಗಿ ಹಿಡಕೊಂಡು ನಿಂತಿದ್ರು. ನಿಮ್ಮ ಮನ್ಯಾಗ ಈ ವಾಸನಿ ಬಂದ್ರ ಔಷಧ ಅಂತ ಕುಡೀತಾರ. ನಮ್ಮ ಹಿತ್ತಲದಾಗ ಇದ ವಾಸನಿ ಬಂದ್ರ ಮರುದಿವಸದಿಂದ ನಮ್ಮ ಮನ್ಯಾಗ ಯಾರೂ ನೀರ ಕುಡಿಯೂದಿಲ್ಲ. ಇಪ್ಪತ್ತು ವರ್ಷ ಆತು ನಾ ಈ ಊರಾಗ ಸಾಲಿ ಕಲಸಾಕತ್ತು.”

ದನಿ ಏರಿಸಲಿಲ್ಲ. ನೂರು ಜನರ ಮುಂದೆ ಯಾವ ಕೆಲಸವೂ ಕೀಳಲ್ಲ ಎಂದು ಹೇಳುವಾಗ ನನಗೆ ಇದೊಂದು ಲೆಕ್ಕಕ್ಕೇ ಬಂದಿರಲಿಲ್ಲ. ತಪ್ಪಾಯಿತು ಎಂದೆ. ಯಾವುದು ತಪ್ಪಾಯಿತು ಎಂದು ಆಕೆ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಆಕೆ ಕೇಳಲಿಲ್ಲ. ಮಾವನವರಿಗೆ ಕೈ ತೊಳೆದುಕೊಂಡು ಬನ್ನಿ ಎಂದಳು. ಆ ಬಣ್ಣ ತೊಳೆದರೆ ಹೋಗುವಂಥದಲ್ಲ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಆದರೂ ಅವರು ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದುಕೊಂಡರು.

ಸ್ಕೂಟಿ ಶುರುವಾಗುವಾಗ ನಮ್ಮವರು ನೋಟ್‌ಬುಕ್ ಹಿಡಿದು ಹೊರಗೆ ಓಡಿದರು. ಆ ಹೊತ್ತಿನಲ್ಲಿ ಕೇಳಬಾರದ್ದನ್ನೇ ಕೇಳಿದರು: ಅಮ್ಮಾ, ಇನ್ನೂ ಎಷ್ಟು ದಿನ ನೀರಿನಲ್ಲಿಡಬೇಕು? ನಾನು ಕಣ್ಣು ಮುಚ್ಚಿಕೊಂಡೆ.

ಆಕೆ ರಸ್ತೆಯನ್ನೇ ನೋಡುತ್ತ ಹೇಳಿದಳು: “ಕುತಗಿ ಕಡೆ ಒಂದೀಟು ಕೊಯ್ದು ನೋಡ್ರಿ. ನಡುವ ಬಿಳೀ ಗೆರಿ ಇದ್ರ ಇನ್ನೂ ಆಗಿಲ್ಲಂತ. ಕುತಗೀನ ಕಡೀಕ ಹದ ಆಗತೈತಿ.” ಹಿಂದೆ ಕೂತಿದ್ದ ಹಿರಿಯರು ಸೊಸೆಯ ಬೆನ್ನನ್ನೇ ನೋಡುತ್ತ ಹೋದರು.

ಆಮೇಲೆ ಅವರು ಬರಲಿಲ್ಲ. ಗುರುವಿಲ್ಲದ ಮನೆಯಲ್ಲಿ ಒಂದು ತೊಗಲು ಮತ್ತು ಇಬ್ಬರು ಮುದುಕರು ಉಳಿದೆವು. ಬಿಸಾಡೋಣವೆಂದರೆ ಎಲ್ಲಿ ಎಂದು ಗೊತ್ತಿಲ್ಲ. ಕಸದ ಗಾಡಿಯವರು ನಮ್ಮವರನ್ನು ಸಾರ್ ಎನ್ನುತ್ತಾರೆ. ದಿನಾ ಕುತ್ತಿಗೆಯ ಅಂಚನ್ನು ಚೂರು ಚೂರೇ ಕೊಯ್ದು ಭೂತಗನ್ನಡಿ ಹಿಡಿದು ನೋಡಿದೆವು. ಒಂಬತ್ತು ದಿನಕ್ಕೆ ಬಿಳಿ ಗೆರೆ ಹೋಯಿತು, ಕುತ್ತಿಗೆಯೂ ಬಹಳಷ್ಟು ಹೋಗಿತ್ತು. ತೊಳೆದು, ಔಡಲೆಣ್ಣೆ ಸವರಿ, ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಹರವಿದೆವು. ಮೂರು ದಿನಕ್ಕೆ ಅದು ಹಲಗೆಯಂತಾಯಿತು. ಗೋಡೆಗೆ ಆನಿಸಿದರೆ ನೆಟ್ಟಗೆ ನಿಲ್ಲುತ್ತಿತ್ತು. ಹೆಬ್ಬೆರಳಿನಿಂದ ಬಡಿದರೆ ಬಾಗಿಲು ತಟ್ಟಿದ ಸದ್ದು. ಹೀಗೇಕಾಯಿತೆಂದು ನಮ್ಮವರು ನೋಟ್‌ಬುಕ್ ತಿರುವಿದರು. ಅದರಲ್ಲಿ ಎಲ್ಲವೂ ಸರಿಯಾಗಿತ್ತು.

ಅಷ್ಟರಲ್ಲಿ ಹಿರಿಯರ ಫೋನ್ ಬಂತು. ಮಾಳಿಗೆಯ ಮೇಲೆ ನಿಂತು ಪಿಸುಗುಟ್ಟುತ್ತಿದ್ದರು. ಒಣಗುವಾಗ ಎಳೆಯಬೇಕಿತ್ತು, ಈಗ ಸ್ವಲ್ಪ ತೇವ ಮಾಡಿ ಮರದ ಅಂಚಿಗೆ ಉಜ್ಜಿ ಎಳೆಯಿರಿ, ಎಣ್ಣೆ ಕುಡಿಸಿ, ಮತ್ತೆ ಎಳೆಯಿರಿ ಎಂದರು. ಹಾಗೆ ನಾಲ್ಕು ದಿನ ಮಾಳಿಗೆಯಿಂದ ಅಪ್ಪಣೆ ಬರುತ್ತಿತ್ತು. ನಾವಿಬ್ಬರೂ ಮಂಚದ ತುದಿಗೆ ಉಜ್ಜಿ ಎಳೆದೆವು. ಮಂಚದ ಪಾಲಿಶ್ ಹೋಯಿತೇ ಹೊರತು ತೊಗಲು ಮಣಿಯಲಿಲ್ಲ.

ಮುಂದಿನ ಭಾನುವಾರ ಮತ್ತೆ ಸ್ಕೂಟಿ ಬಂತು. ಸೊಸೆ ಮುಂದೆ, ಹಿರಿಯರು ಹಿಂದೆ. ಆಕೆ ಈ ಸಲ ಹಣ್ಣು ತಂದಿರಲಿಲ್ಲ. “ಮಾಳಿಗಿ ಮ್ಯಾಲ ಮಾತಾಡೂದು ಕೆಳಗ ಕೇಳತೈತ್ರಿ. ಅರ್ಧಕ್ಕ ಬಿಟ್ರ ಕೆಡತೈತ್ರಿ. ಎಲ್ಲೈತಿ ತಗೊಂಡು ಬರ್ರಿ,” ಎಂದಳು.

ಹಿರಿಯರನ್ನು ನೆರಳಿನಲ್ಲಿ ಕುರ್ಚಿಯ ಮೇಲೆ ಕೂಡಿಸಿದಳು. ಅವರ ಭುಜಕ್ಕೆ ಈಗ ಇದು ಆಗುವುದಿಲ್ಲ ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ತೆಗೆದು ನಮ್ಮವರ ಕೈಗೆ ಕೊಟ್ಟಳು. ತೊಗಲಿಗೆ ನೀರು ಚಿಮುಕಿಸಿ, ಹಿತ್ತಲ ಬಾಗಿಲಿನ ಹೊಸ್ತಿಲಿಗೆ ಅಡ್ಡ ಹಾಕಿ, ಒಂದು ತುದಿಯನ್ನು ನನಗೆ ಹಿಡಿಸಿದಳು. “ಬಿಡಬ್ಯಾಡ್ರಿ ಮೇಡಂ,” ಎಂದು ಎಳೆದಳು. ಮೊದಲನೆಯ ಎಳೆತಕ್ಕೇ ನಾನು ಹೊಸ್ತಿಲು ದಾಟಿ ತುಳಸಿ ಕುಂಡದ ಮೇಲೆ ಬಿದ್ದೆ. ಕುಂಡ ಒಡೆಯಿತು. ನನ್ನ ಕೈಯಲ್ಲಿ ತೊಗಲು ಹಾಗೇ ಇತ್ತು. ಆಕೆ ನನ್ನನ್ನು ಎಬ್ಬಿಸಿ, ಮೊಣಕಾಲಿಗೆ ಪೆಟ್ಟಾಯಿತೇ ಎಂದು ನೋಡಿ, ಕಾಲನ್ನು ಹೊಸ್ತಿಲಿಗೆ ಒತ್ತಿ ಹಿಡಿಯಿರಿ ಎಂದು ಹೇಳಿಕೊಟ್ಟಳು. ಯಾರಿಂದ ಕಲಿತಿರಿ ಎಂದು ಕೇಳಿದೆ. ಅಜ್ಜಿಯಿಂದ, ಬಾದಾಮಿ ಕಡೆಯ ಹಳ್ಳಿಯಲ್ಲಿ, ಎಂದಷ್ಟೇ ಹೇಳಿದಳು. ಹಿರಿಯರಿಗೆ ಅದು ಗೊತ್ತಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡಿದ್ದರು.

ಎರಡು ತಾಸು ಎಳೆದೆವು. ಮಧ್ಯೆ ಮಧ್ಯೆ ಹಿರಿಯರು ಅಂಚು, ಹೊಟ್ಟೆ, ಮತ್ತೆ ಅಂಚು ಎಂದು ಹೇಳುತ್ತಿದ್ದರು, ಆಕೆ ಹೇಳುವ ಮುಂಚೆಯೇ ಅಲ್ಲಿಗೆ ಕೈ ಒಯ್ದಿರುತ್ತಿದ್ದಳು. ಕೊನೆಗೆ ತೊಗಲು ಕೈಯಲ್ಲಿ ಬಟ್ಟೆಯಂತೆ ಜೋತು ಬಿತ್ತು. ಬೆನ್ನಿನ ಕಡೆ ನುಣ್ಣಗೆ, ಬೆಲ್ಲದ ಬಣ್ಣ. ಕುತ್ತಿಗೆ ಮಾತ್ರ ಇಲಿ ಕಡಿದ ಹಾಗಿತ್ತು. ಅದು ನಮ್ಮ ಭೂತಗನ್ನಡಿಯ ಕೆಲಸ.

ನಾನು ಅದನ್ನು ನಮ್ಮಲ್ಲೇ ಬಿಡಿ ಎಂದು ಕೇಳಿದೆ.

“ನಿಮ್ಮಲ್ಲಿ ಬಿಟ್ರ ಗ್ವಾಡಿಗೆ ತೂಗ ಹಾಕ್ತೀರಿ,” ಎಂದಳು. ನಾನು ಕಟ್ಟು ಹಾಕಿಸಲು ಪಡಸಾಲೆಯ ಜಾಗವನ್ನೂ ಅಳೆದಿಟ್ಟಿದ್ದೆ. ಆಕೆ ತೊಗಲನ್ನು ಪೇಪರಿನಲ್ಲಿ ಸುತ್ತಿ, ಸ್ಕೂಟಿಯ ಸೀಟಿನ ಕೆಳಗಿಟ್ಟು, ಬಳೆ ಹಾಕಿಕೊಂಡು ಹೋದಳು.

ಹದಿನೈದು ದಿನದ ಮೇಲೆ ಹಿರಿಯರು ಸಂತೆಗೆ ಹೋಗುವ ದಾರಿಯಲ್ಲಿ ಸಿಕ್ಕರು. ತೊಗಲು ಏನಾಯಿತೆಂದು ಕೇಳಿದೆ. ಚಪ್ಪಲಿಯಿಂದ ಕಾಲು ತೆಗೆದು ತೋರಿಸಿದರು. ಹಿಮ್ಮಡಿ ಕಚ್ಚುವ ಜಾಗದಲ್ಲಿ ಬೆಲ್ಲದ ಬಣ್ಣದ ಒಂದು ಪಟ್ಟಿ ಹೊಲಿದಿತ್ತು. ಉಳಿದದ್ದನ್ನು ಸೊಸೆ ಕಪಾಟಿನಲ್ಲಿಟ್ಟಿದ್ದಾಳೆ, ಯಾರಿಗೂ ಮುಟ್ಟಗೊಡುವುದಿಲ್ಲ ಎಂದರು. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು.

“ಹೊಲಗಿ ಸ್ವಲ್ಪ ಸೊಟ್ಟ ಹಾಕ್ಯಾಳ್ರಿ. ಆದ್ರ ನಾ ಏನೂ ಅಂದಿಲ್ಲ.”